ಸಹಿ ಹಾಕಲೊಲ್ಲದ ಅಕ್ಕ

ಪಿ.ಜಿ. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಮಣ್ಣು ಮುಕ್ಕಿದ ಮೇಲೆ ಅಮೆರಿಕದ ಸರ್ಜರಿ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿ.ಜಿ. ತರಬೇತಿಗೆ, ಅರ್ಜಿ ಹಾಕಲು ನಿರ್ಧರಿಸಿದೆ. ನಮ್ಮಲ್ಲಿ ರ್‍ಯಾಂಕ್ ಇದ್ದರೆ ಸಾಕು. ಅಲ್ಲಿ ಏನು ಸಂಶೋಧನೆ ಮಾಡಿದ್ದೀಯ, ಎಲ್ಲಿ ಪ್ರಕಟಿಸಿದ್ದೀಯ ಎಂದೂ ಕೇಳುತ್ತಾರೆ. ನನ್ನ ಹತ್ತಿರ ಏನೂ ಇರಲಿಲ್ಲ. ಸಹಪಾಠಿಯೊಬ್ಬ ಫೋನ್ ಮಾಡಿ, "ನಮ್ ಗ್ರೂಪಿಗೆ ಸೇರ್ಕೊಳೇ. ಒಬ್ರು ಪೇಪರ್ ಬರೆದ್ರೆ ಆರೂ ಜನರ ಹೆಸರು ಹಾಕ್ತೀವಿ" ಎಂದ. ಮೈಯೆಲ್ಲ ಉರಿಯಿತು. ಅಷ್ಟು ಗತಿಗೆಟ್ಟಿಲ್ಲ ಎಂದು ಫೋನ್ ಇಟ್ಟೆ. ನಿಜ ಹೇಳಬೇಕೆಂದರೆ ಗತಿಗೆಟ್ಟೇ ಇದ್ದೆ.

ಆಗ ನಾನು ಕಾಮಾಕ್ಷಿಪಾಳ್ಯದ ಸಣ್ಣ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್. ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಮೆಷಿನ್ನಿನ ಸೂಜಿ ಬೆರಳೊಳಗೆ ಮುರಿದುಕೊಂಡು ಬರುತ್ತಿದ್ದರು. ಬರುವುದು ಮೂರನೆಯ ದಿನ, ಕೀವು ತುಂಬಿದ ಮೇಲೆ. ಇದನ್ನೇ ಬರೆಯೋಣವೆಂದು ಹಳೆಯ ಕೇಸ್ ಶೀಟುಗಳನ್ನೆಲ್ಲ ಕೆದಕಿ, ಬಸವೇಶ್ವರನಗರದ ಮನೆಯಲ್ಲಿ ಊಟ ತಿಂಡಿ ಮರೆತು ಪೇಪರ್ ಸಿದ್ಧಮಾಡಿದೆ.

ಬೆರಳಿನ ಫೋಟೊ ಹಾಕಲು ರೋಗಿಯ ಸಹಿ ಬೇಕಿತ್ತು. ಡ್ರೆಸ್ಸಿಂಗಿಗೆ ಬಂದಿದ್ದ ನಲವತ್ತರ ಆಸುಪಾಸಿನ ಅಕ್ಕ ಒಬ್ಬರ ಮುಂದೆ ಒಪ್ಪಿಗೆ ಪತ್ರ ಇಟ್ಟೆ.

"ನನ್ ಬಗ್ಗೆ ಏನ್ ಬರ್ದಿದೀರಾ ಮೇಡಂ? ಕನ್ನಡದಲ್ಲಿ ಹೇಳಿ."

ಹೆಮ್ಮೆಯಿಂದ ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಹೇಳಿದೆ. ರೋಗಿಗಳು ನಿರ್ಲಕ್ಷ್ಯದಿಂದ ತಡವಾಗಿ ಬರುತ್ತಾರೆ ಎಂಬಲ್ಲಿಗೆ ಅವರು ಪೆನ್ನು ಕೆಳಗಿಟ್ಟರು.

"ನಿಮ್ ಓಪಿಡಿ ಎಷ್ಟ್ ಗಂಟೆಗೆ ಮುಚ್ಚುತ್ತೆ?"

"ಒಂದಕ್ಕೆ."

"ನಮ್ಗೆ ಕೆಲ್ಸ ಬಿಡೋದು ಐದೂವರೆಗೆ. ಮಧ್ಯ ಎದ್ರೆ ಲೈನೇ ನಿಂತೋಗುತ್ತೆ, ಸೂಪರ್‌ವೈಸರ್ ಎಲ್ರ ಮುಂದೆ ಉಗೀತಾನೆ. ರಜ ಕೇಳಿ ಕೇಳಿ ಸಿಗೋ ಹೊತ್ಗೆ ಮೂರ್ ದಿನ. ನಿರ್ಲಕ್ಷ್ಯ ಅಂತೆ! ನಾನ್ ಸೈನ್ ಹಾಕಲ್ಲ."

ಮೊದಲು ಸಿಟ್ಟು ಬಂತು, ಆಮೇಲೆ ವಿಪರೀತ ನಾಚಿಕೆ. ನಮ್ಮ ಓಪಿಡಿಯ ಹೊತ್ತನ್ನೂ ಅವರ ಕೆಲಸದ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಊಟದ ಬಿಡುವಿನಲ್ಲಿ ಗಾರ್ಮೆಂಟ್ಸ್ ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕೇಳಿದೆ. ಬಹಳಷ್ಟು ಜನರದು ಅದೇ ಉತ್ತರ. ತಡಕ್ಕೆ ಕಾರಣ ನಮ್ಮ ಓಪಿಡಿಯ ವೇಳೆ, ಸಂಜೆಯೂ ತೆರೆಯಬೇಕು ಎಂದು ಪೇಪರನ್ನು ಹೊಸದಾಗಿ ಬರೆದೆ. ಅಕ್ಕ ಪೂರ್ತಿ ಹೇಳಿಸಿಕೊಂಡು ಸಹಿ ಹಾಕಿದರು. ಎರಡು ಜರ್ನಲ್‌ಗಳು ತಿರಸ್ಕರಿಸಿದವು, ಮೂರನೆಯದು ಒಪ್ಪಿತು.

ಸಂದರ್ಶನ ಲ್ಯಾಪ್‌ಟಾಪಿನಲ್ಲೇ ನಡೆಯಿತು. ಹಿರಿಯ ಸರ್ಜನ್ ಒಬ್ಬರು ನನ್ನ ಒಂದೇ ಒಂದು ಪೇಪರನ್ನು ತೆರೆದಿಟ್ಟುಕೊಂಡು, ಇದರಲ್ಲಿ ನಿನಗೆ ಅತಿ ಕಷ್ಟವಾದ ವಾಕ್ಯ ಯಾವುದು ಎಂದರು. ಮೊದಲು ತಪ್ಪು ಬರೆದದ್ದನ್ನೂ ಅಕ್ಕ ಪೆನ್ನು ಕೆಳಗಿಟ್ಟದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ತಲೆಯಾಡಿಸಿ, ಈಗ ಸಂಜೆ ಓಪಿಡಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಸೀಟು ಸಿಗಲಿ ಬಿಡಲಿ ಎಂದು ಮರುದಿನವೇ ಪೇಪರ್ ಹಿಡಿದು ಆಸ್ಪತ್ರೆಯ ಸೂಪರಿಂಟೆಂಡೆಂಟರ ಕೋಣೆಗೆ ನುಗ್ಗಿದೆ.

"ಸಂಜೆ ಯಾರಮ್ಮ ಕೂರ್ತಾರೆ?"

"ನಾನ್ ಕೂರ್ತೀನಿ ಸಾರ್."

ವಾರಕ್ಕೆ ಎರಡು ಸಂಜೆ ಎಂದು ಒಪ್ಪಿದರು. ಮೊದಲ ವಾರ ಬಂದವರು ನಾಲ್ಕೇ ಜನ. ತಿಂಗಳಾಗುವಷ್ಟರಲ್ಲಿ ಬೆಂಚು ಸಾಲದೆ ಮೆಟ್ಟಿಲ ಮೇಲೂ ಕೂರತೊಡಗಿದರು. ಆ ಎರಡು ದಿನ ಸೂಜಿ ಚುಚ್ಚಿದರೆ ಅವತ್ತೇ ಬರುತ್ತಿದ್ದರು, ಕೀವು ಕಾಣುವುದೇ ಅಪರೂಪವಾಯಿತು.

ಸೀಟು ಸಿಕ್ಕಿದ ಇಮೇಲ್ ಬಂದದ್ದು ಅಂಥದೇ ಒಂದು ಸಂಜೆ. ನಾನು ಕಿರುಚಿದ ರಭಸಕ್ಕೆ ನರ್ಸ್ ಓಡಿಬಂದರು, ಹೊರಗಿದ್ದ ಹೆಂಗಸರೆಲ್ಲ ಒಳಗೆ ನುಗ್ಗಿದರು. ವಿಷಯ ತಿಳಿದು ಚಪ್ಪಾಳೆಯೋ ಚಪ್ಪಾಳೆ. ಜೀವನದಲ್ಲಿ ಅಷ್ಟು ಖುಷಿಯಾದದ್ದು ಅವತ್ತೇ. ಪಕ್ಕದ ಮೆಷಿನ್ನಿನವಳನ್ನು ಕರೆತಂದಿದ್ದ ಅಕ್ಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

"ನೀವ್ ಹೋದ್ಮೇಲೆ ಸಂಜೆ ಯಾರ್ ಕೂರ್ತಾರೆ?"

"ಸೀಟ್ ಸಿಕ್ರೆ ಅಂತ ಜೂನಿಯರ್ ಒಬ್ರನ್ನ ಮೊದ್ಲೇ ಕೇಳಿದ್ದೆ, ಒಪ್ಕೊಂಡಿದಾರೆ ಅಕ್ಕ. ಡ್ಯೂಟಿ ಪಟ್ಟೀಲಿ ನನ್ ಹೆಸರಿನ ಪಕ್ಕ ಅವ್ರ ಹೆಸರೂ ಹಾಕಿದೆ."

ಗೋಡೆಯ ಪಟ್ಟಿಯ ಹತ್ತಿರ ಹೋಗಿ, ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಹಂಗಾದ್ರೆ ಹೋಗ್ಬನ್ನಿ."