ಗೊದಮೊಟ್ಟೆಯ ಬಾಲದಲ್ಲಿ ಕಂಡ ನರ

ನರ ಬೆಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಬಾಲದ ತುದಿ ಕತ್ತರಿಸಿದ್ದ ಒಂದು ಗೊದಮೊಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದೆ. ಹೊಸದಾಗಿ ಚಿಗುರಿದ, ಗಾಜಿನಷ್ಟು ತಿಳಿಯಾದ ಆ ಬಾಲದೊಳಗೆ ಒಂದು ಎಳೆ ಮುಂದಕ್ಕೆ ಸರಿಯಿತು. ಕತ್ತಲಲ್ಲಿ ಗೋಡೆ ತಡಕುವ ಕೈಯಂತೆ ಅದರ ತುದಿ ಆಚೆ ಈಚೆ ಮುಟ್ಟಿ ನೋಡುತ್ತಿತ್ತು. ಪುಣೆಯ ಆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಒಬ್ಬಳೇ ಹುಡುಗಿ ನಾನು. ಓಡಿಹೋಗಿ ಪ್ರೊಫೆಸರರನ್ನು ಕರೆತಂದೆ. ಅಷ್ಟರಲ್ಲಿ ಪ್ರಾಣಿ ಹೊರಳಿತ್ತು, ಎಳೆ ಮರೆಯಾಗಿತ್ತು.

“ನಿನ್ನ ಕಣ್ಣಿಗೆ ದಣಿವಾಗಿದೆ,” ಎಂದರು. “ಮಳೆಗಾಲ ಮುಗಿಯುವುದರೊಳಗೆ ನನಗೆ ತೋರಿಸು. ಇಲ್ಲವಾದರೆ ಪ್ರಯೋಗಾಲಯದ ಈ ಮೇಜು ಬಿಟ್ಟುಕೊಡು. ಕಾಯುತ್ತಿರುವ ಹುಡುಗರಿದ್ದಾರೆ.”

ಆ ಹುಡುಗರಲ್ಲೊಬ್ಬ ಕಂಡೆನೆಂದಿದ್ದರೆ ಅವನ ಕಣ್ಣಿಗೆ ದಣಿವಾಗುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಆಗಲೇ ನಲವತ್ತೆರಡರ ಚಲೇಜಾವ್ ಚಳವಳಿ ಶುರುವಾಗಿ ಕಾಲೇಜಿಗೆ ಬೀಗ ಬಿತ್ತು. ಗೊದಮೊಟ್ಟೆಗಳನ್ನು ಗಾಜಿನ ಬರಣಿಯಲ್ಲಿ ಹಾಕಿಕೊಂಡು ಸದಾಶಿವ ಪೇಠೆಯ ನಮ್ಮ ಬಾಡಿಗೆ ಮನೆಗೆ ತಂದೆ. ಆ ಮನೆ ನಡೆಸುತ್ತಿದ್ದವಳು ಧಾರವಾಡದಿಂದ ನಮ್ಮ ಜೊತೆ ಬಂದಿದ್ದ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡ ಸತ್ತ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಅವಳನ್ನು ಮೂಲೆಗೆ ಕೂರಿಸಿದ್ದರು. ಅವಳ ಮಡಿ ಎಂದರೆ ನಮ್ಮಪ್ಪನೂ ನಡುಗುತ್ತಿದ್ದ.

“ಬಾಲಾ ಕತ್ತರಿಸಿ ಮತ್ತ ಬೆಳಸೂದಕ್ಕ ಇಷ್ಟ ಓದಬೇಕೇನ?” ಎಂದು ನಕ್ಕಳು. ಮೇಜು ಬಿಡಬೇಕಾದೀತೆಂಬ ಮಾತು ಹೇಳಿದೆ. ಆಮೇಲೆ ಅವಳು ಆ ಬಗ್ಗೆ ನಗಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಬರಣಿಯನ್ನು ತೊಳೆದು ಬೋರಲು ಹಾಕಲಾಗಿತ್ತು. ಗೊದಮೊಟ್ಟೆಗಳೆಲ್ಲ ಅವಳ ಮಡಿನೀರಿನ ತಾಮ್ರದ ತಂಬಿಗೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬರಣಿಯ ನೀರು ಹೊಲಸಾಗಿದೆಯೆಂದು, ನಮಗಾರಿಗೂ ಮುಟ್ಟಲು ಕೊಡದ ಪಾತ್ರೆಗೆ ಅವನ್ನು ಸುರಿದಿದ್ದಳು. ಮನುಷ್ಯರಿಗೆ ಶುದ್ಧವಾದ ತಾಮ್ರದ ನೀರು ಗೊದಮೊಟ್ಟೆಗೆ ವಿಷ. ಅವಳಿಗೆ ಅದನ್ನು ಯಾವ ಶಾಲೆ ಕಲಿಸಿತ್ತು?

ನಾನು ಗೋಡೆಗೆ ತಲೆಯಿಟ್ಟು ಬಿಕ್ಕಿದೆ. ಎಲ್ಲ ಮುಗಿಯಿತು, ಮೇಜು ಬಿಡುತ್ತೇನೆ ಎಂದೆ. ಅವಳ ಮುಖ ಬಿಳಿಚಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು.

“ಯಾಕ ಬಿಡ್ತಿ? ನನಗ ಮೂಲ್ಯಾಗ ಕೂಡು ಅಂದ್ರು, ಕೂತೆ. ಏನ್ ಸಿಕ್ತು? ಏಳು. ಇವು ಎಲ್ಲಿ ಸಿಗತಾವ ತೋರಸು.”

ಲಕಡಿ ಪುಲ್ ಎಂಬ ಸೇತುವೆಯ ಹತ್ತಿರ, ಮುಠಾ ನದಿಯ ದಂಡೆಯಲ್ಲಿ ಮಳೆನೀರು ನಿಂತ ಹೊಂಡಗಳಿದ್ದವು. ಮೈಲಿಗೆಯಾದೀತೆಂದು ಬೀದಿಯಲ್ಲಿ ಅಂಚಿಗೆ ಸರಿದು ನಡೆಯುತ್ತಿದ್ದವಳು, ಜನ ನಿಂತು ನೋಡುತ್ತಿದ್ದರೂ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು. ಹಿಂತಿರುಗುವಾಗ ಕಾವಲಿಗಿದ್ದ ಪೊಲೀಸ ಬರಣಿಯಲ್ಲೇನಿದೆ ಎಂದು ಗದರಿದ.

“ಕಪ್ಪೀ ಮರಿ ಅದಾವ. ಹಿಡಕೊಂಡ ಒಯ್ತೀಯೇನ?” ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ದಾರಿ ಬಿಟ್ಟ.

ಕಾಲೇಜು ತೆರೆದಾಗ ಮಳೆಗಾಲ ಇನ್ನೂ ಮುಗಿದಿರಲಿಲ್ಲ. ನನ್ನ ಮೇಜಿನ ಮೇಲೆ ಆಗಲೇ ಬೇರೊಬ್ಬನ ಪುಸ್ತಕಗಳಿದ್ದವು! ಅವನ್ನು ಎತ್ತಿ ಕಿಟಕಿಯಲ್ಲಿಟ್ಟು, ನನ್ನ ಬರಣಿ ಇಟ್ಟುಕೊಂಡು ಕೂತೆ. ಹೊಸ ಗೊದಮೊಟ್ಟೆಗಳ ಬಾಲದ ತುದಿಯನ್ನು ಮನೆಯಲ್ಲೇ ಕತ್ತರಿಸಿಟ್ಟಿದ್ದೆ. ಬಾಲ ಚಿಗುರಿದ್ದ ಗೊದಮೊಟ್ಟೆಯೊಂದು ಹೊರಳದಂತೆ ಮಂಪರಿನ ಮದ್ದು ಹಾಕಿದೆ. ಕತ್ತು ನೋಯುವವರೆಗೆ ಹುಡುಕಿದ ಮೇಲೆ ಎಳೆ ಸಿಕ್ಕಿತು.

ಪ್ರೊಫೆಸರರು ಬಂದರು. “ಯಾರನ್ನು ಕೇಳಿ ಇಲ್ಲಿ ಕೂತೆ?”

ನಾನು ಏಳಲಿಲ್ಲ. “ಆಧೀ ಬಘಾ,” ಎಂದೆ ಮರಾಠಿಯಲ್ಲಿ. ಮೊದಲು ನೋಡಿ, ಬೇಕಿದ್ದರೆ ಆಮೇಲೆ ಎಬ್ಬಿಸಿ. ಸ್ಟೂಲಿನ ಅಂಚಿಗೆ ಜರುಗಿ, ಅವರು ಬಗ್ಗುವಷ್ಟು ಜಾಗ ಮಾತ್ರ ಬಿಟ್ಟೆ.

ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

“ಚಲಿಸುತ್ತಿದೆ,” ಎಂದರು, ತಮಗೆ ತಾವೇ ಎಂಬಂತೆ.

“ಆಗಲೇ ಹೇಳಿದ್ದೆನಲ್ಲ ಸರ್,” ಎಂದೆ. “ಈಗ ಸ್ವಲ್ಪ ಸರಿಯಿರಿ. ನಾನು ಚಿತ್ರ ಬರೆದುಕೊಳ್ಳಬೇಕು.”