ಲೈಫ್‌ಟೈಮ್ ಅಂದರೆ ಯಾರ ಆಯುಷ್ಯ

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ಒಂದು ಟೇಲರ್ ಅಂಗಡಿಯಿದೆ. ಅದರ ಮೇಲಿನ ಕೋಣೆಯೇ ಮಹೇಶ್ವರಿಯ ರೆಕಾರ್ಡಿಂಗ್ ಸ್ಟುಡಿಯೊ. ಗೋಡೆಗೆ ಕಂಬಳಿ, ಕಿಟಕಿಗೆ ಎರಡು ಪದರ ಗಾಜು, ಮೂಲೆಯಲ್ಲಿ ಒಂದು ಹಾರ್ಮೋನಿಯಂ. ಆಟೊದಲ್ಲಿ ಕೂಗಿಸುವ ಜಾಹೀರಾತು, ಮದುವೆಯ ಹಾಡು, ಭಜನಾ ಮಂಡಳಿಯ ಪದ, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಬೇಕಾದ ಸಂಗೀತ, ಎಲ್ಲವೂ ಅಲ್ಲೇ ತಯಾರಾಗುತ್ತವೆ.

ಅವಳ ತವರು ಗುತ್ತಲ. ಅಪ್ಪ ಅಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಹಾರ್ನ್ ಯಾವ ಕಡೆ ಮುಖ ಮಾಡಿದರೆ ಊರಿಗೆಲ್ಲ ಕೇಳುತ್ತದೆ, ಮೈಕ್ ಯಾಕೆ ಕಿರುಚುತ್ತದೆ ಎಂಬುದನ್ನು ಅವಳು ಲಂಗ ಹಾಕಿಕೊಂಡು ತಿರುಗುವ ವಯಸ್ಸಿನಲ್ಲೇ ಕಲಿತಳು. ಗಂಡ ಚನ್ನೇಶ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸ್ಟುಡಿಯೊ ಮಾಡುತ್ತೇನೆ ಎಂದಾಗ ಅವನು ಬೇಡ ಅನ್ನಲಿಲ್ಲ. ಕಂಬಳಿಗೆ ಮೊಳೆ ಹೊಡೆದವನೂ ಅವನೇ.

ಹಾಡು ಮುದ್ರಿಸಿ, ಕತ್ತರಿಸಿ, ಜೋಡಿಸಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬೇಕು. ಅದನ್ನು ತೆಗೆದುಕೊಳ್ಳುವಾಗಲೇ ಅವಳಿಗೂ ಜಹೀರನಿಗೂ ಮೊದಲ ಜಗಳವಾದದ್ದು. ಜಹೀರ ಹಾವೇರಿಯವನು. ಅವಳ ಹಾಡುಗಳಿಗೆ ಕೀಬೋರ್ಡ್ ನುಡಿಸುತ್ತಾನೆ, ಅವನದೂ ಒಂದು ಸಣ್ಣ ಸ್ಟುಡಿಯೊ ಇದೆ. ಅವನು ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಳಸುತ್ತಿದ್ದ.

"ಅಕ್ಕಾ, ಬಾಡಿಗಿದಾದ್ರ ಹೊಸಾದು ಬಂದಂಗ ತಾನ ಬದಲಾಗತೈತಿ. ಒಮ್ಮೆಲೆ ಅಷ್ಟು ರೊಕ್ಕಾ ಸುರದು ಯಾಕ ಸಿಗಹಾಕ್ಕೋತೀರಿ?" ಎಂದಿದ್ದ.

"ನಂದು ಅಂದ್ರ ನಂದ ಆಗಿರಬೇಕಪಾ. ಒಂದು ತಿಂಗಳಾ ಕೆಲಸ ಬರಲಿಲ್ಲಂದ್ರ ಅವರು ಬಾಗಲಾ ಹಾಕಿಬಿಡ್ತಾರ. ಇದರಾಗ ನೋಡು, ಲೈಫ್‌ಟೈಮ್ ಅಂತ ಬರದಾರ," ಎಂದು ಅವಳು ಪರದೆಗೆ ಬೆರಳು ಕುಟ್ಟಿ ತೋರಿಸಿದ್ದಳು.

ಹಾಗೆ ಒಂದೇ ಸಲ ದುಡ್ಡು ಕಟ್ಟಿ, ಜೀವನಪೂರ್ತಿ ಬಳಸುವ ಲೈಸೆನ್ಸ್ ತೆಗೆದುಕೊಂಡಳು. ಎರಡು ಕಂಪ್ಯೂಟರುಗಳಲ್ಲಿ ಬಳಸಬಹುದಿತ್ತು. ವರ್ಷಗಟ್ಟಲೆ ಅದು ಒಂದು ದಿನವೂ ಕೈಕೊಡಲಿಲ್ಲ. ಜಹೀರ ತಿಂಗಳ ಕೊನೆಗೆ ಗೊಣಗುವಾಗೆಲ್ಲ ಅವಳು ನಗುತ್ತಿದ್ದಳು.

ಜಟ್ಟೆಪ್ಪ ಬಂದದ್ದು ಕಳೆದ ಸುಗ್ಗಿಯ ನಂತರ. ಮೋಟೆಬೆನ್ನೂರಿನ ರೈತ, ಎಪ್ಪತ್ತು ದಾಟಿದವರು. ಕಣದಲ್ಲಿ ಎತ್ತುಗಳನ್ನು ಸುತ್ತು ಹೊಡೆಸಿ ತೆನೆ ತುಳಿಸುವಾಗ ಹಾಡುವ ಹಂತಿಪದಗಳು ಅವರಿಗೆ ಬಾಯಿಪಾಠವಾಗಿ ಬರುತ್ತಿದ್ದವು. ಈಗ ತೆನೆಯನ್ನು ಯಂತ್ರ ಬಡಿಯುತ್ತದೆ, ಹಾಡುವವರು ಯಾರೂ ಉಳಿದಿಲ್ಲ. ಹೆಂಡತಿ ಬಸವಣ್ಣೆವ್ವ ಅವರ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದ್ದಳು.

"ಗಂಟಲದಾಗ ಗಡ್ಡಿ ಆಗೇತವಾ," ಎಂದಳು ಬಸವಣ್ಣೆವ್ವ. "ಹುಬ್ಬಳ್ಳಿ ಡಾಕ್ಟರು ಧ್ವನಿಪೆಟಗೀನ ತಗೀಬೇಕಂದಾರ. ಆಮ್ಯಾಲೆ ಮಾತಾಡಾಕ ಬರಂಗಿಲ್ಲಂತ. ಅಷ್ಟರೊಳಗ ಇವರ ಪದಾ ಹಿಡದಿಡು."

ಜಟ್ಟೆಪ್ಪ ಗಂಟಲು ಸವರಿಕೊಂಡು ನಕ್ಕರು. "ಪೂರಾ ಹಾಡತೇನಿ ತಂಗಿ. ಎಲ್ಲಾ ಮುಗಿದ ಮ್ಯಾಲೆ ಒಮ್ಮೆಲೆ ಕೇಳಸು. ನಡುನಡುವ ಕೇಳಿದ್ರ ನಾ ತಪ್ಪ ಹುಡುಕಿಕೋಂತ ಕುಂದರತೇನಿ."

ಬೆಳಿಗ್ಗೆ ಗಂಟಲು ತುಸು ಹಗುರವಿದ್ದಾಗ ಬರುತ್ತಿದ್ದರು. ಬಿಸಿನೀರು ಕುಡಿಯುತ್ತ, ಕೆಮ್ಮು ಬಂದರೆ ಕೈಯೆತ್ತಿ ನಿಲ್ಲಿಸುತ್ತ, ದಿನಕ್ಕೆ ಒಂದೋ ಎರಡೋ ಪದ ಹಾಡುತ್ತಿದ್ದರು. ಒರಟು ದನಿ, ಆದರೆ ಕಣದ ತುಂಬ ಹರಡುವಂಥದ್ದು. ಕೆಲವು ಸಲ ಹೆಡ್‌ಫೋನ್ ಹಾಕಿಕೊಂಡಿದ್ದ ಮಹೇಶ್ವರಿಗೆ ಕಂಪ್ಯೂಟರಿನ ಕಡೆ ನೋಡುವುದೇ ಮರೆತುಹೋಗುತ್ತಿತ್ತು. ಕೊನೆಯ ದಿನ ಅವರು ಹಾಡಿದ್ದು ಎತ್ತಿನ ಪದ. ತಾವು ಸಾಕಿದ್ದ, ಈಗ ಸತ್ತುಹೋದ ಎತ್ತನ್ನು ಹೆಸರು ಹಿಡಿದು ಕರೆಯುವ ಪದ. ಅದು ಮುಗಿದಾಗ ಬಸವಣ್ಣೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಮರುದಿನವೇ ಇಬ್ಬರೂ ಹುಬ್ಬಳ್ಳಿಗೆ ಹೋದರು.

ಅವರು ಹೋಗಿ ಎರಡು ವಾರವಾದಾಗ ಒಂದು ಮಧ್ಯಾಹ್ನ ಎತ್ತಿನ ಪದವನ್ನು ತಿದ್ದಿ ಮತ್ತೆ ಸೇವ್ ಮಾಡುತ್ತಿದ್ದಾಗ ಬೀದಿಯ ಕಂಬದಲ್ಲಿ ಪಟ್ಟೆಂದು ಸದ್ದಾಯಿತು. ಸ್ಟುಡಿಯೊದ ದೀಪಗಳು ಒಮ್ಮೆ ಬೆಳ್ಳಗೆ ಉರಿದು ಆರಿದವು. ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು.

ರಿಪೇರಿಯವನು ನೋಡಿ, "ಮದರ್‌ಬೋರ್ಡ್ ಹೋಗೇತಿ. ಹಾರ್ಡ್‌ಡಿಸ್ಕ್ ಉಳದೈತಿ," ಎಂದ. ಅವಳಿಗೆ ಹೋದ ಉಸಿರು ಬಂದಂತಾಯಿತು. ಬೇರೆ ಕಂಪ್ಯೂಟರಿಗೆ ಡಿಸ್ಕ್ ಜೋಡಿಸಿ ಸಾಫ್ಟ್‌ವೇರ್ ತೆರೆದಳು. ಇದು ಹೊಸ ಯಂತ್ರ, ಲೈಸೆನ್ಸನ್ನು ಮತ್ತೆ ದೃಢಪಡಿಸಿಕೊಳ್ಳಬೇಕು ಎಂದು ಅದು ಕೇಳಿತು. ಬಟನ್ ಒತ್ತಿದಳು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ, ಕಂಪನಿಯ ಸರ್ವರ್ ಸಿಗುತ್ತಿಲ್ಲ ಎಂದಿತು.

ಕಂಪನಿಗೆ ಮೇಲ್ ಬರೆದಳು. ಮರುದಿನ ಉತ್ತರ ಬಂತು. ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿದೆ. ಹಳೆಯ ಸಾಫ್ಟ್‌ವೇರನ್ನು ನಿಲ್ಲಿಸಲಾಗಿದೆ, ಅದರ ಸರ್ವರನ್ನೂ ಮುಚ್ಚಲಾಗಿದೆ. ಲೈಫ್‌ಟೈಮ್ ಎಂದರೆ ಆ ಸಾಫ್ಟ್‌ವೇರಿನ ಆಯುಷ್ಯ, ಗ್ರಾಹಕರದ್ದಲ್ಲ. ಹೊಸದು ತಿಂಗಳ ಬಾಡಿಗೆಗೆ ಸಿಗುತ್ತದೆ, ಆದರೆ ಅದರಲ್ಲಿ ಹಳೆಯ ಫೈಲುಗಳು ತೆರೆಯುವುದಿಲ್ಲ.

ಮಹೇಶ್ವರಿ ಡಿಸ್ಕಿನಲ್ಲಿ ಜಾಗ ಉಳಿಯಲೆಂದು ಜಟ್ಟೆಪ್ಪನವರ ಪದಗಳನ್ನೆಲ್ಲ ಅದೇ ಸಾಫ್ಟ್‌ವೇರಿನ ಮುಚ್ಚಿದ ಫೈಲುಗಳಲ್ಲಿ ಇಟ್ಟಿದ್ದಳು. ಬೇರೆ ಯಾವುದರಲ್ಲೂ ಅವು ತೆರೆಯುತ್ತಿರಲಿಲ್ಲ. ಸಾದಾ ಆಡಿಯೊ ಫೈಲಾಗಿ ಒಂದನ್ನೂ ತೆಗೆದಿಟ್ಟಿರಲಿಲ್ಲ. ಅತ್ತ ಹುಬ್ಬಳ್ಳಿಯಲ್ಲಿ ಆಪರೇಷನ್ ಮುಗಿದಿತ್ತು.

ಅಂದು ಸಂಜೆ ಬಸವಣ್ಣೆವ್ವನ ಫೋನ್ ಬಂತು. "ಮನಿಗೆ ಬಂದೇವಿ ಯವ್ವಾ. ಬರೇ ಕೈಸನ್ನಿ ಮಾಡ್ತಾರ. ಪದಾ ಕೇಳಬೇಕಂತ ಕಿವಿ ಮುಟಗೊಂಡು ತೋರಸ್ತಾರ. ಯಾವಾಗ ಬರೂಣು?"

"ಇನ್ನ ಸ್ವಲ್ಪ ಕೆಲಸ ಐತಿ ಅಮ್ಮಾ," ಎಂದಳು ಮಹೇಶ್ವರಿ. ಫೋನ್ ಇಟ್ಟವಳೇ ಜಹೀರನಿಗೆ ಹಚ್ಚಿದಳು.

ಮರುದಿನ ಜಹೀರ ಹಾವೇರಿಯಿಂದ ಬಂದ. ಅವನ ಸಾಫ್ಟ್‌ವೇರಿನಲ್ಲೂ ಫೈಲು ತೆರೆಯಲಿಲ್ಲ. ನಾನು ಅಂದೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲ. ಲೈಸೆನ್ಸಿನ ಹಳೆಯ ರಸೀದಿ ನೋಡುತ್ತಿದ್ದವನು ತಟ್ಟನೆ ಕೇಳಿದ. "ಅಕ್ಕಾ, ಎರಡು ಕಂಪ್ಯೂಟರ್‌ಗೆ ಲೈಸೆನ್ಸ್ ಇತ್ತಲ್ಲ, ಇನ್ನೊಂದು ಎಲ್ಲೈತಿ?"

ಅವಳಿಗೆ ಆಗ ನೆನಪಾಯಿತು. ತನ್ನ ಹಳೆಯ ಲ್ಯಾಪ್‌ಟಾಪನ್ನು ತಂಗಿ ನಾಗಲಕ್ಷ್ಮಿಗೆ ಕೊಟ್ಟಿದ್ದಳು. ನಾಗಲಕ್ಷ್ಮಿ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಿಲ್ಲು ತೆಗೆಯುವುದನ್ನು ಬಿಟ್ಟು ಆ ಲ್ಯಾಪ್‌ಟಾಪಿನಿಂದ ಬೇರೇನೂ ಮಾಡುತ್ತಿರಲಿಲ್ಲ, ಅದಕ್ಕೆ ನೆಟ್ ಹಚ್ಚಿದ್ದೂ ಇಲ್ಲ.

"ಅದರಾಗ ಸಾಫ್ಟ್‌ವೇರ್ ಇನ್ನೂ ಇದ್ರ ತೆರೀತೈತಿ," ಎಂದ ಜಹೀರ. "ಆದ್ರ ಇಂಟರ್‌ನೆಟ್ ಹಚ್ಚಬಾರದು. ಹಚ್ಚಿದ್ರ ಸರ್ವರ್ ಹುಡಕತೈತಿ, ಸಿಗಲಿಲ್ಲಂದ್ರ ಅದೂ ಮುಚ್ಚಿಕೊಂಡುಬಿಡತೈತಿ."

ಮಹೇಶ್ವರಿ ಕೂಡಲೇ ಫೋನ್ ಮಾಡಿದಳು. ಆ ಕಡೆಯಿಂದ ಮಾರ್ಕೆಟ್ಟಿನ ಗದ್ದಲ, ಕೆಮ್ಮು, ಲಾರಿ ಹಾರ್ನು.

"ನಾಗೂ, ಆ ಲ್ಯಾಪ್‌ಟಾಪ್ ಐತೇನ?"

"ಐತಕ್ಕಾ, ಆದ್ರ ಬಾಳ ಸ್ಲೋ ಆಗೇತಿ. ಇವತ್ತ ಕಂಪ್ಯೂಟರ್ ರಿಪೇರಿ ಇಸಾಕಸಾಬರು ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡ್ತೇನಂದಾರ."

"ಬ್ಯಾಡ! ನಾಗೂ, ಅಳಿಸಬ್ಯಾಡಂತ ಹೇಳು, ನೆಟ್ಟೂ..."

ಫೋನ್ ಕಡಿಯಿತು. ಮತ್ತೆ ಮಾಡಿದಳು, ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಮಾಡಿದರೆ ಸ್ವಿಚ್ ಆಫ್.

ಚನ್ನೇಶ ಬೈಕಿನಲ್ಲಿ ಪಾಳಿಗೆ ಹೋಗಿದ್ದ, ಜಹೀರ ಬಂದದ್ದು ಬಸ್ಸಿನಲ್ಲಿ. ಫೈಲುಗಳಿದ್ದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದರು. ಬ್ಯಾಡಗಿ ಬಸ್ಸು ಹೊರಟೇ ಬಿಟ್ಟಿತ್ತು. ಜಹೀರ ಅದರ ಬೆನ್ನಿಗೆ ಬಡಿದು ನಿಲ್ಲಿಸಿದ.

ದಾರಿಯುದ್ದಕ್ಕೂ ಅವಳು ತಂಗಿಗೆ ಫೋನ್ ಹಚ್ಚುತ್ತಲೇ ಇದ್ದಳು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಜಟ್ಟೆಪ್ಪನವರ ಮನೆ ಅಲ್ಲಿಂದ ಎರಡು ಓಣಿಯಾಚೆ. ಯಾರಾದರೂ ಗುರುತಿನವರು ಕಂಡಾರೆಂದು ಅವಳು ಸೆರಗು ಮುಂದೆ ಎಳೆದುಕೊಂಡು ತಲೆ ತಗ್ಗಿಸಿದಳು.

ಬ್ಯಾಡಗಿಯಲ್ಲಿ ಅಂದು ಮಾರ್ಕೆಟ್ ದಿನ. ಮೆಣಸಿನಕಾಯಿ ಚೀಲ ಹೊತ್ತ ಲಾರಿ, ಟ್ರ್ಯಾಕ್ಟರುಗಳು ಊರ ಹೊರಗಿನಿಂದಲೇ ಸಾಲುಗಟ್ಟಿದ್ದವು. ಬಸ್ಸು ಮುಂದೆ ಹೋಗಲಿಲ್ಲ. ಇಳಿದು ನಡೆದರು, ನಡಿಗೆ ಓಟವಾಯಿತು. ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದಲಾಲಿ ಅಂಗಡಿ ಮುಟ್ಟಿದಾಗ ನಾಗಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು, ಟೇಬಲ್ ಖಾಲಿಯಿತ್ತು.

"ಚಾರ್ಜ್ ಹೋಗಿ ಫೋನ್ ಬಂದಾಗೇತಿ ಅಕ್ಕಾ. ನೀ ಏನೋ ಬ್ಯಾಡ ಅಂದಿ, ಏನಂತ ತಿಳೀಲಿಲ್ಲ. ಅಷ್ಟರಾಗ ಇಸಾಕಸಾಬರು ಲ್ಯಾಪ್‌ಟಾಪ್ ತಮ್ಮ ಅಂಗಡಿಗೆ ಒಯ್ದ್ರು."

"ಎಲ್ಲಿ ಅಂಗಡಿ?"

"ಸ್ಟೇಶನ್ ರೋಡಿನ್ಯಾಗ..."

ಮಾತು ಮುಗಿಯುವ ಮುಂಚೆ ಮಹೇಶ್ವರಿ ಹೊರಟಾಗಿತ್ತು. ಚೀಲಗಳ ಸಂದಿಯಲ್ಲಿ, ಹಮಾಲರ ಬೈಗುಳ ಕೇಳಿಸಿಕೊಳ್ಳುತ್ತ, ಒಂದು ಚಪ್ಪಲಿಯ ಉಂಗುಟ ಕಿತ್ತು ಅದನ್ನು ಕೈಯಲ್ಲಿ ಹಿಡಿದು ಓಡಿದಳು. ಇಸಾಕಸಾಬರ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ಅವರು ಕನ್ನಡಕ ಹಣೆಗೇರಿಸಿ ಮೊಬೈಲ್ ಹಿಡಿದು ಅದಕ್ಕೆ ನೆಟ್ ಜೋಡಿಸಲು ಕೈ ಚಾಚಿದ್ದರು.

"ಹಚ್ಚಬ್ಯಾಡ್ರಿ! ಸಾಹೇಬರ, ನೆಟ್ ಹಚ್ಚಬ್ಯಾಡ್ರಿ!"

ಅವರು ಬೆಚ್ಚಿ ಕೈ ಹಿಂದಕ್ಕೆಳೆದರು. "ಏನವಾ, ಏನಾತು? ಬಿಲ್ಲೆಲ್ಲಾ ಪೆನ್‌ಡ್ರೈವಿಗೆ ತೆಗದಿಟ್ಟೆ ಅಷ್ಟ. ಇನ್ನೂ ಏನೂ ಅಳಿಸಿಲ್ಲ. ಕುಂದ್ರು ಮೊದಲ, ನೀರು ಕುಡಿ."

ಅವಳು ಕುಳಿತುಕೊಳ್ಳಲಿಲ್ಲ. ನಿಂತೇ ಎಲ್ಲ ಹೇಳಿದಳು. ಮುದುಕನ ದನಿ ಹೋದ ವಿಷಯ ಕೇಳಿದ ಇಸಾಕಸಾಬರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಬ್ಯಾಟರಿ ಸತ್ತೈತಿ ಇದರದು. ಕರೆಂಟ್ ಹೋದ್ರ ಬಂದಾಗತೈತಿ," ಎಂದು ಅಂಗಡಿಯ ಯುಪಿಎಸ್ ಎಳೆದು ತಂದು ಅದಕ್ಕೆ ವೈರ್ ಚುಚ್ಚಿದರು. ಆ ವೈರನ್ನು ಯಾರೂ ಎಡವಬಾರದೆಂದು ಬಾಗಿಲಿಗೆ ಅಡ್ಡವಾಗಿ ಸ್ಟೂಲಿಟ್ಟು ತಾವೇ ಕುಳಿತರು.

ಮಹೇಶ್ವರಿ ಸಾಫ್ಟ್‌ವೇರಿನ ಗುರುತಿನ ಮೇಲೆ ಒತ್ತಿದಳು. ಪರದೆ ಕಪ್ಪಾಯಿತು. ಜಹೀರ ಕಣ್ಣು ಮುಚ್ಚಿಕೊಂಡ. ಫ್ಯಾನ್ ಗುರ್ ಎಂದಿತು. ಆಮೇಲೆ ಅವಳು ವರ್ಷಗಟ್ಟಲೆ ನೋಡಿದ ಆ ಹಳೆಯ ಬೂದು ಪರದೆ ನಿಧಾನಕ್ಕೆ ತೆರೆದುಕೊಂಡಿತು. ಡಿಸ್ಕ್ ಚುಚ್ಚಿ ಮೊದಲ ಫೈಲು ತೆರೆದಳು. ಪುಟ್ಟ ಸ್ಪೀಕರಿನಿಂದ ಜಟ್ಟೆಪ್ಪನವರ ಕೆಮ್ಮು ಕೇಳಿಸಿತು, ಅದರ ಬೆನ್ನಿಗೇ ದನಿ.

ಒಂದೊಂದೇ ಪದವನ್ನು ಸಾದಾ ಆಡಿಯೊ ಫೈಲಾಗಿ ಹೊರತೆಗೆದಳು. ಲ್ಯಾಪ್‌ಟಾಪ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಕೀಂ ಎಂದಿತು, ಕರೆಂಟ್ ಮತ್ತೆ ಬಂತು. ಕೊನೆಗೆ ಉಳಿದದ್ದು ಎತ್ತಿನ ಪದ. ತೆರೆದಳು. ಫೈಲು ಕೆಟ್ಟಿದೆ ಎಂದಿತು. ಮುಚ್ಚಿ ತೆರೆದಳು, ಡಿಸ್ಕ್ ಕಿತ್ತು ಚುಚ್ಚಿದಳು, ಮತ್ತೂ ಅದೇ ಮಾತು. ಕಂಪ್ಯೂಟರ್ ಸುಟ್ಟದ್ದು ಅದನ್ನು ಸೇವ್ ಮಾಡುವ ಹೊತ್ತಿನಲ್ಲೇ. ಮತ್ತೆ ಮತ್ತೆ ಒತ್ತುತ್ತಿದ್ದ ಅವಳ ಕೈಯನ್ನು ಜಹೀರ ಮೆಲ್ಲಗೆ ಹಿಡಿದ.

"ಸಾಕಕ್ಕಾ. ಉಳದವು ಬಂದಾವಲ್ಲ."

ಅವಳು ಆಗ ಅತ್ತಳು, ಘಾಟಿನ ನೆವವಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಜಹೀರ ಕೇಳಿದ. "ಲೈಫ್‌ಟೈಮ್ ತುಗೊಂಡದ್ದು ತಪ್ಪಾತು ಅನ್ನಸ್ತೈತೇನ್ರಿ?"

ಅವಳು ಡಿಸ್ಕಿನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ತುಗೊಂಡದ್ದು ತಪ್ಪಲ್ಲಪಾ. ಇಷ್ಟು ವರ್ಷ ಅದರಾಗ ದುಡದೇನಿ, ಹೊಟ್ಟಿ ಹೊರದೇನಿ. ಅಜ್ಜಾರ ಪದಾನೂ ಅದರೊಳಗ ಇಟ್ಟು ನಿಶ್ಚಿಂತಿ ಕುಂತೆ ನೋಡು, ಅದು ತಪ್ಪು. ನಿಂದೂ ಅಷ್ಟ. ಬಾಡಿಗಿ ಕಟ್ಟೂದು ಬಿಟ್ಟ ದಿನಾ ನಿನ್ನ ಹಾಡೂ ಒಳಗ ಉಳಿತಾವು."

"ಖರೇ," ಎಂದ ಜಹೀರ. ಅಂದೇ ಹಾವೇರಿಗೆ ಹೋಗಿ ತನ್ನ ಹಾಡುಗಳನ್ನೂ ಸಾದಾ ಫೈಲುಗಳಾಗಿ ತೆಗೆಯತೊಡಗಿದ. ಮಹೇಶ್ವರಿ ಮುಂದೆ ಕೊಂಡದ್ದೂ ಒಂದೇ ಸಲ ದುಡ್ಡು ಕಟ್ಟುವ ಸಾಫ್ಟ್‌ವೇರನ್ನೇ. ಆದರೆ ಕೊಳ್ಳುವ ಮುಂಚೆ ನೆಟ್ ಇಲ್ಲದೆ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸಿದಳು. ಈಗ ಯಾರು ಬಂದು ಹಾಡಿದರೂ ಅವರು ಮೆಟ್ಟಿಲು ಇಳಿಯುವುದರೊಳಗೆ ಸಾದಾ ಫೈಲು ಎರಡು ಕಡೆ ಸೇರಿರುತ್ತದೆ.

ಬ್ಯಾಡಗಿಯಿಂದ ಬಂದ ಕೆಲವು ದಿನಕ್ಕೆ ಗಂಡ ಹೆಂಡತಿ ಪದ ಕೇಳಲು ಬಂದರು. ಜಟ್ಟೆಪ್ಪನವರ ಕೊರಳಿಗೆ ಬಿಳಿ ಬಟ್ಟೆಯ ಪಟ್ಟಿಯಿತ್ತು. ಹೆಡ್‌ಫೋನ್ ಬೇಡವೆಂದು ಸನ್ನೆ ಮಾಡಿ, ದೊಡ್ಡ ಸ್ಪೀಕರಿನ ಎದುರು ನೆಲದ ಮೇಲೆ ಕುಳಿತು ಕೇಳಿದರು. ಎಲ್ಲ ಮುಗಿದ ಮೇಲೆ ಇನ್ನೊಂದು ಎಲ್ಲಿ ಎಂಬಂತೆ ಬೆರಳೆತ್ತಿದರು. ಮಹೇಶ್ವರಿ ಮುಚ್ಚಿಡಲಿಲ್ಲ. "ಅಜ್ಜಾರ, ಎತ್ತಿನ ಪದಾ ಹೋತ್ರಿ. ನನ್ನ ಕೈಯಾಗ ಉಳೀಲಿಲ್ಲ," ಎಂದಳು.

ಅವರು ನೆಲ ನೋಡುತ್ತ ಕುಳಿತರು. ಆಗ ಬಸವಣ್ಣೆವ್ವ ಗಂಟಲು ಸರಿಮಾಡಿಕೊಂಡಳು.

"ನಾ ಯಾವತ್ತೂ ಮಂದಿ ಮುಂದ ಹಾಡಿಲ್ಲ. ಆದ್ರ ಆ ಪದಾ ನನಗ ಬರತೈತಿ. ಅವರು ಹಾಡೂದು ಕೇಳಿ ಕೇಳಿ ಬಂದೈತಿ. ಮೈಕಾ ಹಚ್ಚು ತಂಗಿ."

ಮಹೇಶ್ವರಿ ಮೈಕನ್ನು ಅವಳ ಎತ್ತರಕ್ಕೆ ತಗ್ಗಿಸಿದಳು. ಜಟ್ಟೆಪ್ಪ ಹೆಂಡತಿಯ ಪಕ್ಕಕ್ಕೆ ಸರಿದು, ತೊಡೆಯ ಮೇಲೆ ಅಂಗೈ ತಟ್ಟುತ್ತ ಎತ್ತಿನ ನಡಿಗೆಯ ಲಯ ಹಿಡಿದರು. ಬಸವಣ್ಣೆವ್ವ ಹಾಡಿದಳು, ತೆಳ್ಳಗಿನ, ಅಂಜಿದ ದನಿಯಲ್ಲಿ. ಎರಡನೆಯ ನುಡಿಯಲ್ಲಿ ಎತ್ತಿನ ಹೆಸರು ಬರುವಲ್ಲಿ ಅವಸರ ಮಾಡಿದಳು. ಜಟ್ಟೆಪ್ಪ ತಟ್ಟನೆ ಕೈಯೆತ್ತಿ ನಿಲ್ಲಿಸಿದರು, ತಲೆ ಅಲ್ಲಾಡಿಸಿದರು, ಕೈಯನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದು ತೋರಿಸಿದರು.

"ಹೌದ್ರಿ, ಹೌದು, ಎಳೀಬೇಕು," ಎಂದು ಬಸವಣ್ಣೆವ್ವ ನಾಚಿ ನಕ್ಕು, ಮೊದಲಿನಿಂದ ಶುರುಮಾಡಿದಳು.