ಬೇಕರಿ ಮನೆಯ ಗೇಟಿನಲ್ಲಿ ಕಾಗೆ ಪುಕ್ಕ

ಕಳೆದ ವರ್ಷ ಜೂನ್‌ನಲ್ಲಿ ಅಮೆರಿಕದ ಶಾರ್ಲೆಟ್‌ನಿಂದ ಲಂಡನ್ ವಿಮಾನ ಹತ್ತಿದಾಗ ನನ್ನ ಚೀಲದಲ್ಲಿ ಎರಡು ಡಬ್ಬಿ ಅಕ್ಕಿ ಸಂಡಿಗೆ, ತಲೆಯಲ್ಲಿ ಒಂದೇ ಹಟ. ತಂಗಿ ರೇಖಾಳನ್ನು ಹೇಗಾದರೂ ಒಪ್ಪಿಸಿ ಶಾರ್ಲೆಟ್ ಪಕ್ಕದ ನಮ್ಮ ಫೋರ್ಟ್ ಮಿಲ್‌ಗೆ ಕರೆಸಿಕೊಳ್ಳಬೇಕು. ಅವಳ ಗಂಡ ಪ್ರಸನ್ನನಿಗೆ ಕಂಪನಿಯವರೇ ಶಾರ್ಲೆಟ್ ಆಫೀಸಿನಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದರು. ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ನಮ್ಮ ಪಕ್ಕದ ಮನೆಯ ಪಾಟೀಲ ಅಂಕಲ್, ಹುಬ್ಬಳ್ಳಿಯವರು, ಹರ್ನ್‌ಡನ್ ಊರಿನಲ್ಲಿರುವ ಮಗಳ ಹತ್ತಿರ ಹೋಗಲು ಮನೆ ಮಾರುವವರಿದ್ದರು. "ನೀವು ವಾಪಸ್ ಬರೂತನಕ ನಾವು ಬೋರ್ಡ್ ಹಾಕಂಗಿಲ್ರಿ. ತಂಗೀನ್ನ ಒಪ್ಪಿಸ್ಕೊಂಡೇ ಬರ್ರಿ" ಎಂದು ಮಾತು ಕೊಟ್ಟಿದ್ದರು. ಎರಡು ಮನೆಗಳ ನಡುವಿನ ಗಿಡಗಳ ಸಾಲಿನಲ್ಲಿ ಓಡಾಡಲು ದಾರಿ ಎಲ್ಲಿ ಬಿಡಿಸಬೇಕೆಂದೂ ನಾನು ನೋಡಿಯಾಗಿತ್ತು.

ರೇಖಾ ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಮೈಸೂರಿನಲ್ಲಿ ಅಮ್ಮ ಆಸ್ಪತ್ರೆಯ ನರ್ಸ್. ಪಾಳಿ ಮುಗಿಸಿ ಬರುವ ತನಕ ಇವಳಿಗೆ ತಲೆ ಬಾಚಿದವಳು, ಊಟ ಮಾಡಿಸಿದವಳು ನಾನು. ಚಿಕ್ಕಂದಿನ ಯಾವ ಸಂಗತಿ ತಿಳಿಯಬೇಕಾದರೂ ಅವಳು ನನಗೆ ಫೋನು ಮಾಡಿ ಕೇಳುತ್ತಿದ್ದಳು. ಆ ಇಂಗ್ಲಿಷ್ ಹಳ್ಳಿಗೆ ಹೋದ ಮೇಲೆ ಕೇಳುವುದು ನಿಂತಿತು. ಮಾತೆತ್ತಿದರೆ ಆರ್ಥರ್ ಹೀಗಂದರು, ಆರ್ಥರ್ ಹಾಗಂದರು.

ಲಂಡನ್ನಿನಿಂದ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ದಿನಕ್ಕೆ ಮೂರೇ ಸಲ ಓಡುವ ಬಸ್ಸು. ರೇಖಾಳ ಹಳ್ಳಿ ಹ್ಯಾಝಲ್‌ಕೋಂಬ್‌ನಲ್ಲಿ ಇಳಿದವಳು ನಾನೊಬ್ಬಳೇ. ಜಿನುಗು ಮಳೆಯಲ್ಲಿ ರೇಖಾ ಕೊಡೆ ಹಿಡಿದು ನಿಂತಿದ್ದಳು, ಕೊಡೆಯ ಅರ್ಧದಲ್ಲಿ ಎಂಬತ್ತು ದಾಟಿದ ಒಬ್ಬ ಮುದುಕರು.

"ಅಕ್ಕ, ಇವ್ರೇ ಆರ್ಥರ್! ನಿನ್ನ ನೋಡ್ಬೇಕು ಅಂತ ಬೆಳಿಗ್ಗೆಯಿಂದ ವೇಟ್ ಮಾಡ್ತಿದಾರೆ."

ಆರ್ಥರ್ ನನ್ನ ಸೂಟ್‌ಕೇಸಿಗೆ ಕೈ ಚಾಚಿದರು. ಬೇಡವೆಂದು ನಾನೇ ಎಳೆದುಕೊಂಡೆ. ತಂಗಿಯ ಕೊಡೆಯ ಕೆಳಗೆ ನನಗೆ ಜಾಗವಿರಲಿಲ್ಲ.

ರೇಖಾಳ ಮನೆಗೆ ಊರಿನಲ್ಲಿ ಬೇಕರಿ ಮನೆ ಎನ್ನುತ್ತಾರೆ. ಆರ್ಥರ್ ಹುಟ್ಟಿದ್ದು ಅದೇ ಮನೆಯಲ್ಲಿ. ಅವರ ತಂದೆ ಅಲ್ಲಿ ಬ್ರೆಡ್ ಸುಡುತ್ತಿದ್ದರಂತೆ. ಇಟ್ಟಿಗೆಯ ದೊಡ್ಡ ಒಲೆ ಅಡುಗೆಮನೆಯ ಗೋಡೆಯಲ್ಲಿ ಇನ್ನೂ ಇದೆ. ರೇಖಾ ಅದರ ಬಾಯಲ್ಲಿ ಸಾರಿನ ಪುಡಿ, ಹುಳಿ ಪುಡಿಯ ಡಬ್ಬಗಳನ್ನು ಜೋಡಿಸಿದ್ದಾಳೆ. ಇವರು ಈ ಮನೆಗೆ ಬಂದದ್ದು 2020ರಲ್ಲಿ, ಬಂದ ಕೂಡಲೇ ಲಾಕ್‌ಡೌನ್. ಎದುರು ಮನೆಯಲ್ಲಿ ಒಂಟಿಯಾಗಿದ್ದ ಆರ್ಥರ್‌ಗೆ ರೇಖಾ ಸಾಮಾನು ತಂದು ಗೋಡೆಯ ಮೇಲಿಡುತ್ತಿದ್ದಳು. ಅವರು ಗೋಡೆಯ ಆಚೆ ಕುರ್ಚಿ ಹಾಕಿಕೊಂಡು ಹಳೆಯದನ್ನೆಲ್ಲ ಹೇಳುತ್ತಿದ್ದರು. ಹಾಗೆ ಶುರುವಾದದ್ದು.

ಮಾರನೆಯ ದಿನ ಮಳೆ ಬಿಟ್ಟಿತ್ತು. ರೇಖಾ ಊರು ತೋರಿಸಿದಳು. ಏನೂ ಬೆಳೆಯದೆ ಬಿತ್ತಿದವರನ್ನು ಉಪವಾಸ ಕೆಡವುತ್ತಿತ್ತೆಂದು ಒಂದು ಹೊಲಕ್ಕೆ 'ಹಸಿದ ಹೊಲ' ಎಂದೇ ಹೆಸರು. ಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಗುದ್ದಿ ಬಾಗಿದ ಗೋಡೆಯನ್ನು ಯಾರೂ ನೇರ ಮಾಡಿಲ್ಲ. ಚರ್ಚಿನ ಹಿಂದಿನ ಕೈಪಂಪಿನ ಹತ್ತಿರ ಆರ್ಥರ್ ತಾಯಿ ಬಟ್ಟೆ ಒಗೆಯುತ್ತ ಜಾರಿಬಿದ್ದದ್ದು ಯಾವ ಕಲ್ಲಿನ ಮೇಲೆ ಎಂಬುದೂ ಇವಳಿಗೆ ಗೊತ್ತು. ನಮ್ಮ ಫೋರ್ಟ್ ಮಿಲ್ ಬಡಾವಣೆಯ ರಸ್ತೆಗಳಿಗೂ ಇಂಗ್ಲಿಷ್ ಹಳ್ಳಿಯ ಹೆಸರುಗಳಿವೆ, ಬಿಲ್ಡರ್ ಇಟ್ಟವು. ನಾವಿರುವುದು ಚಾಪೆಲ್ ಓಕ್ ಲೇನ್. ಅಲ್ಲಿ ಚಾಪೆಲ್ಲೂ ಇಲ್ಲ, ಓಕ್ ಮರವೂ ಇಲ್ಲ.

ತಡೆಯಲಾರದೆ ಕೇಳಿದೆ, "ಮೈಸೂರು ಮನೆ ಮುಂದೆ ಯಾವ ಮರ ಇತ್ತು, ಹೇಳು ನೋಡೋಣ?"

ಅವಳು ನಿಂತು ಯೋಚಿಸಿದಳು. "ಮಾವು?"

ಸಂಪಿಗೆ. ಮೂರು ಕಡೆ ಕೊಂಬೆ ಕಡಿದ ಸಂಪಿಗೆ. ಯಾರದೋ ತಾಯಿ ಬಿದ್ದ ಕಲ್ಲು ನೆನಪಿದೆ, ನಾವು ದಿನಾ ಹೂ ಆಯ್ದ ಮರ ನೆನಪಿಲ್ಲ! ನನಗೆ ಹೊಟ್ಟೆ ಉರಿಯಿತು. ಆರ್ಥರ್ ಮೇಲೆ, ಬಾಗಿದ ಗೋಡೆಯ ಮೇಲೆ, ಆ ಹಸಿದ ಹೊಲದ ಮೇಲೂ.

ಭಾನುವಾರ ಊರಿನವರ ಗೇಟು ನಡಿಗೆ. ವರ್ಷಕ್ಕೊಮ್ಮೆ ಎಲ್ಲರೂ ಮನೆಯಿಂದ ಮನೆಗೆ ನಡೆದು ಗೇಟಿನಲ್ಲಿ ನಿಲ್ಲುತ್ತಾರೆ. ಈಗ ಆ ಮನೆಯಲ್ಲಿರುವವರು ತಮ್ಮ ಕಥೆ ಹೇಳುವಂತಿಲ್ಲ, ಹಿಂದೆ ಇದ್ದವರದ್ದನ್ನು ಹೇಳಬೇಕು. ಬೇಕರಿ ಮನೆಯ ಗೇಟಿಗೆ ಬಂದಾಗ ರೇಖಾ, ಹಳದಿ ಸೀರೆ ಉಟ್ಟು, ಆರ್ಥರ್ ತಂದೆ ಸಕ್ಕರೆ ಸಿಗದ ಕಾಲದಲ್ಲಿ ಮಗನ ಹುಟ್ಟುಹಬ್ಬಕ್ಕೆ ಕ್ಯಾರೆಟ್ ತುರಿದು ಕೇಕ್ ಮಾಡಿದ್ದನ್ನು ಹೇಳಿದಳು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಆರ್ಥರ್ ಕಣ್ಣೊರೆಸಿಕೊಂಡರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಮುಂದಿನ ವರ್ಷ ಇದನ್ನು ಯಾರು ಹೇಳುತ್ತಾರೆ? ಇವಳು ಅಮೆರಿಕಕ್ಕೆ ಬರುತ್ತಿದ್ದಾಳೆ" ಎಂದುಬಿಟ್ಟೆ, ಎಲ್ಲರಿಗೂ ಕೇಳುವಂತೆ, ಇಂಗ್ಲಿಷಿನಲ್ಲಿ.

ಎಲ್ಲರೂ ಅವಳ ಕಡೆ ತಿರುಗಿದರು. ರೇಖಾ ಯಾರಿಗೂ ಹೇಳಿರಲಿಲ್ಲ. "ಅಕ್ಕಾ, ಯಾಕ್ ಹೇಳ್ದೆ? ನಾವಿನ್ನೂ ಡಿಸೈಡೇ ಮಾಡಿಲ್ಲ" ಎಂದಳು, ಮುಖ ಕೆಂಪಾಗಿತ್ತು. ಆರ್ಥರ್ ಮಾತ್ರ ಗೇಟು ಹಿಡಿದು ನನ್ನ ಕಡೆ ತಿರುಗಿದರು.

"ಹೋಗುವವರದ್ದು ಏನಾದರೂ ನಮ್ಮಲ್ಲಿ ಉಳಿಯಬೇಕು. ಇವಳ ಚಿಕ್ಕಂದಿನದು ನಿಮಗೆ ತಾನೇ ಗೊತ್ತಿರುವುದು? ಹೇಳಿ."

ಹೇಳಬಾರದೆಂದುಕೊಂಡೆ. ಆದರೆ ಅವಳ ವಿಷಯ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಸಂಡಿಗೆಯ ಕಥೆ ಹೇಳಿದೆ. ಬೇಸಿಗೆ; ತಾರಸಿಯ ಮೇಲೆ ಅಮ್ಮ ಸೀರೆ ಹಾಸಿ ಸಂಡಿಗೆ ಇಟ್ಟಿದ್ದರು; ಕಾಗೆ ಕಾಯಲು ನಾನು. ನಾಲ್ಕು ವರ್ಷದ ರೇಖಾ ಅರೆ ಒಣಗಿದ ಸಂಡಿಗೆಯನ್ನು ಒಂದು ಮೂಲೆಯಿಂದ ತಿನ್ನುತ್ತ ಹೋಗಿ, ಖಾಲಿಯಾದ ಜಾಗದಲ್ಲಿ ಒಂದು ಕಾಗೆ ಪುಕ್ಕ ತಂದಿಟ್ಟಳು. ಕಾಯಲಿಲ್ಲವೆಂದು ಅಮ್ಮ ನನಗೆ ಬೈದರು. ಸಂಜೆ ಕಳ್ಳಿಗೆ ಹೊಟ್ಟೆನೋವು ಬಂದ ಮೇಲೆ ಕಾಗೆಯ ತಪ್ಪಿಲ್ಲವೆಂದು ತಿಳಿಯಿತು. ಊರಿಗೆ ಊರೇ ನಕ್ಕಿತು. ಒಂದು ಮಾತನ್ನು ಮಾತ್ರ ಬಿಟ್ಟು ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿದವಳಲ್ಲ, ಅಮ್ಮನಿಗೂ.

ಸೋಮವಾರ ಬೆಳಿಗ್ಗೆ ರೇಖಾ ಕಾಫಿ ಬೆರೆಸುತ್ತ ಹೇಳಿದಳು.

"ನಾವು ಬರಲ್ಲ ಅಕ್ಕ. ಪ್ರಸನ್ನ ಮೇಲ್ ಕಳಿಸ್ತಿದಾರೆ."

"ಆ ಮುದುಕರಿಗೋಸ್ಕರನಾ?"

"ಅವ್ರಿಗೋಸ್ಕರಾನೂ. ನಂಗೋಸ್ಕರಾನೂ."

ನಾನು ಜಗಳವಾಡಲಿಲ್ಲ. ಕಾಫಿ ಆರಿಹೋಯಿತು, ಹಾಗೇ ಕುಡಿದೆ. ಬಸ್ಸು ಹೊರಟಾಗ ಹಿಂದಿನ ಕಿಟಕಿಯಿಂದ ನೋಡಿದೆ. ರೇಖಾ ಕೈ ಬೀಸುತ್ತಿದ್ದಳು, ಪಕ್ಕದಲ್ಲಿ ಆರ್ಥರ್ ನನ್ನ ಸಂಡಿಗೆ ಡಬ್ಬಿ ಹಿಡಿದು ನಿಂತಿದ್ದರು. ಫೋರ್ಟ್ ಮಿಲ್‌ಗೆ ಬಂದವಳೇ ಪಾಟೀಲ ಅಂಕಲ್ ಬಾಗಿಲು ತಟ್ಟಿ, ಬೋರ್ಡ್ ಹಾಕಿಬಿಡಿ ಎಂದೆ. "ಇರ್ಲಿ ಬಿಡ್ರಿ" ಎಂದು ಅವರು ಒಳಗೆ ಕರೆದು ಚಹಾ ಕೊಟ್ಟರು. ಈಗ ಆ ಮನೆಯಲ್ಲಿ ಅಟ್ಲಾಂಟಾ ಕಡೆಯಿಂದ ಬಂದ ದಂಪತಿಗಳಿದ್ದಾರೆ. ಗಿಡಗಳ ಸಾಲು ಹಾಗೇ ಇದೆ.

ಈ ಜೂನ್‌ನಲ್ಲಿ ರೇಖಾ ಗೇಟು ನಡಿಗೆಯ ವಿಡಿಯೋ ಕಳಿಸಿದಳು. ಬೇಕರಿ ಮನೆಯ ಗೇಟಿನಲ್ಲಿ ಆರ್ಥರ್, ಹೋದ ವರ್ಷಕ್ಕಿಂತ ಇಳಿದುಹೋಗಿದ್ದರು. ಊರಿನ ಕಟ್ಟಳೆಯನ್ನೇ ಮುರಿದು ಅವರು ಈಗ ಅಲ್ಲಿರುವವಳ ಕಥೆ ಹೇಳುತ್ತಿದ್ದರು, ನನ್ನ ಸಂಡಿಗೆಯ ಕಥೆ. ಸೀರೆಯನ್ನು ಟೇಬಲ್ ಬಟ್ಟೆ ಮಾಡಿದ್ದರು. ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರೆಂದರು: "ಅಕ್ಕ ಎಲ್ಲವನ್ನೂ ನೋಡಿದ್ದಳು. ನೀರಿನ ಟ್ಯಾಂಕಿನ ಹಿಂದೆ ನಿಂತಿದ್ದಳು. ಆದರೂ ತುಟಿ ಬಿಚ್ಚದೆ ಬೈಸಿಕೊಂಡಳು."

ನಾನು ಬಿಟ್ಟ ಮಾತು ಅದೇ. ವಿಡಿಯೋ ಅಲ್ಲೇ ನಿಲ್ಲಿಸಿ ರೇಖಾಗೆ ಫೋನು ಮಾಡಿದೆ.

"ಅದನ್ನ ಅವ್ರಿಗೆ ಯಾರು ಹೇಳಿದ್ದು?"

"ನಾನೇ. ಟ್ಯಾಂಕ್ ಹಿಂದೆ ನೀನು ಕಾಣಿಸ್ತಿದ್ಯಲ್ಲ, ಕೆಂಪು ಲಂಗ ಹಾಕ್ಕೊಂಡಿದ್ದೆ. ನೀನಿದ್ಯಲ್ಲ ಅಂತಾನೇ ಧೈರ್ಯವಾಗಿ ಪುಕ್ಕ ಇಟ್ಟೆ."

ಕೆಂಪು ಲಂಗ ನನಗೇ ನೆನಪಿರಲಿಲ್ಲ.

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತೂ ಕೇಳ್ಲಿಲ್ವಲ್ಲ ಅಕ್ಕ. ನೀನೇ ಹೇಳ್ತಿದ್ದೆ."

ಆರ್ಥರ್ ಅವಳನ್ನು ಕೇಳಿದ್ದರು. ಗೋಡೆಯ ಆಚೆ ಕುರ್ಚಿ ಹಾಕಿಕೊಂಡು ಅವರು ಬರೀ ಹೇಳುತ್ತಿದ್ದರೆಂದೇ ನಾನು ತಿಳಿದಿದ್ದೆ. ಮುಂದಿನ ಜೂನ್‌ಗೆ ಟಿಕೆಟ್ ತೆಗೆದಿದ್ದೇನೆ. ನನ್ನ ತಂಗಿಯ ವಿಷಯ ಆ ಮುದುಕರಿಗೆ ಇನ್ನೂ ಏನೇನು ಗೊತ್ತಿದೆಯೋ ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.